ಕಾಕಾರ ಗಂಟಿನ ದಾರ

ಮೌಲಾಸಾಬ ಕಾಕಾರ ಅಂಗಿಯ ಕಿಸೆಯಲ್ಲಿ ಟೇಪು ಇರುತ್ತಿರಲಿಲ್ಲ, ದಾರದ ಉಂಡೆ ಇರುತ್ತಿತ್ತು. ಮೊಳಕ್ಕೊಂದು ಗಂಟು. ಕಟ್ಟಡಗಳಿಗೆ ಮಿಂಚುಬಂಧಕ ಕೂರಿಸುವುದು ಅವರ ಕಸುಬು. ಲೆಕ್ಕ ಹಾಕಿ ಸಹಿ ಮಾಡುವುದು ನನ್ನದು. ಏನು ಅಳೆದರೂ ಅವರದು ಒಂದೇ ಮಾತು: "ಸರಿ ಐತಿ. ಇನ್ನೊಮ್ಮೆ ಅಳಿಯೂಣ್ರಿ."

ಗೋಪನಕೊಪ್ಪದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಛಾವಣಿಯಿಂದ ನೆಲಕ್ಕೆ ತಾಮ್ರದ ಪಟ್ಟಿ ಇಳಿದಿತ್ತು. ಮೇಲ್ಗಡೆ ಅದರ ಪಕ್ಕದಲ್ಲೇ ಬಚ್ಚಲಿಗೆ ಹೋಗುವ ಕಬ್ಬಿಣದ ಪೈಪು. ಎರಡೂ ತೀರ ಹತ್ತಿರವಿದ್ದರೆ ಸಿಡಿಲು ಪಟ್ಟಿಯಿಂದ ಪೈಪಿಗೆ ಹಾರುತ್ತದೆ. ಆಗ ನಳಕ್ಕೆ ಕೈಯೊಡ್ಡಿದ ಹುಡುಗಿಯ ಗತಿ ಹೇಳಬೇಕಿಲ್ಲ. ಪಟ್ಟಿ ಉದ್ದವಾದಷ್ಟೂ ಅಂತರ ಹೆಚ್ಚು ಬೇಕು. ನಾನು ನಕಾಶೆಯಲ್ಲಿನ ಎತ್ತರ ಹಿಡಿದು ಒಂದೂವರೆ ಗೇಣು ಸಾಕೆಂದು ಲೆಕ್ಕ ಹಾಕಿದ್ದೆ. ಗೋಡೆಯ ಮೇಲೂ ಅಷ್ಟೇ ಇತ್ತು.

ಕಾಕಾ ಪಟ್ಟಿಯ ಗುಂಟ ದಾರ ಇಳಿಸಿದರು. ಪಟ್ಟಿ ನಡುವೆ ಬಾಲ್ಕನಿಯನ್ನು ಸುತ್ತಿ ಬಂದಿತ್ತು. ನೆಲ ಮುಟ್ಟುವಷ್ಟರಲ್ಲಿ ನನ್ನ ಲೆಕ್ಕಕ್ಕಿಂತ ಇಪ್ಪತ್ತು ಗಂಟು ಹೆಚ್ಚು. ಒಂದೂವರೆ ಗೇಣಿನ ಅಂತರ ಇನ್ನು ಸಾಲದು.

"ಸಾಹೇಬ್ರ, ಸಿಡಿಲೇನು ನಿಮ್ಮ ನಕಾಶಿ ಓದಿ ಇಳೀತೈತೇನ್ರಿ? ಪಟ್ಟಿ ಹೆಂಗ ಹೋಗೇತಿ, ಹಂಗ ಇಳೀತೈತಿ."

"ನಕಾಶದಾಗ ನೆಟ್ಟಗ ಐತಲ್ರಿ ಕಾಕಾ. ಬಾಲ್ಕನಿ ಸುತ್ತಿಸಿದ್ದು ಯಾರು?"

ಕಾಕಾ ಗಡ್ಡ ಕೆರೆದುಕೊಂಡರು. "ನಾನ. ಮುಂದಿನ ಗ್ವಾಡಿ ಚಂದ ಕಾಣಬೇಕಂದ್ರು ವಾರ್ಡನ್ ಬಾಯಾರು. ತಿರುವು ನಂದು, ಅಳತಿ ನಿಮ್ದು. ಇಬ್ಬರೂ ಶಾಣ್ಯಾರ."

ನನಗೆ ನೆನಪಿರುವುದು ಹೀಗೆ. ಆದರೆ ದಾರ ಇಳಿಸಿ ನೋಡೋಣ ಎಂದು ಮೊದಲು ಹೇಳಿದ್ದು ನಾನೇ ಎಂದೂ ಕೆಲವೊಮ್ಮೆ ಅನಿಸುತ್ತದೆ. ವರ್ಷ ಕಳೆದಂತೆ ನೆನಪು ನನ್ನ ಪರವಾಗಿ ವಾಲುತ್ತಿದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳು. ಮಧ್ಯಾಹ್ನಕ್ಕೆ ಧಾರವಾಡದ ಕಡೆ ಮೋಡ ಏಳುತ್ತಿತ್ತು. ನಾನು ಸಹಿ ಹಾಕಲಿಲ್ಲ. ಎರಡು ಮುಂಜಾನೆ ಕೂತು ಕಾಕಾ ಪಟ್ಟಿ ಕಿತ್ತು, ಮುಂದಿನ ಗೋಡೆಯ ಮೇಲೆ ನೆಟ್ಟಗೆ ಇಳಿಸಿದರು. ವಾರ್ಡನ್ ಮುಖ ಗಂಟಿಕ್ಕಿದರು.

"ಚಂದ ಬೇಕಾದ್ರ ಬಾಜೂಕ ಒಂದು ಮಲ್ಲಿಗಿ ಬಳ್ಳಿ ಹಚ್ರಿ, ಬಾಯಾರ," ಎಂದರು ಕಾಕಾ.

ಕಾಕಾ ಹೋದ ವರ್ಷ ತೀರಿಕೊಂಡರು. ಅವರ ಮಗಳು ಆ ದಾರವನ್ನು ನನಗೆ ಕೊಟ್ಟಳು. ಮೊನ್ನೆ ತಪಾಸಣೆಗೆಂದು ಹಾಸ್ಟೆಲಿಗೆ ಹೋದೆ. ಪಟ್ಟಿಯಿಂದ ಎರಡು ಮಾರು ಆಚೆ ಮಲ್ಲಿಗೆ ಬಳ್ಳಿ ಮೊದಲ ಮಹಡಿ ಮುಟ್ಟಿತ್ತು. ಕಾಕಾ ಆಡಿದ ಆ ಬಳ್ಳಿಯ ಮಾತಾದರೂ ಖರೆ, ನೆನಪಿನ ಆಟವಲ್ಲ. ಮೇಲೆ ಯಾರೋ ಹುಡುಗಿ ಹಾಡುತ್ತ ಬಟ್ಟೆ ಒಗೆಯುತ್ತಿದ್ದಳು. ನಳದ ಸಪ್ಪಳ ಕೆಳಗಿನವರೆಗೂ ಕೇಳುತ್ತಿತ್ತು.

ಛಾವಣಿಯಿಂದ ದಾರ ಇಳಿಸಿ ಗಂಟು ಎಣಿಸಿದೆ. ಸರಿ ಇತ್ತು.

ಇನ್ನೊಮ್ಮೆ ಅಳೆದೆ.