ಮುನಿರಾಜಣ್ಣನ ಪೆಟ್ಟಿಗೆಯೊಡನೆ ದೇವನಹಳ್ಳಿಗೆ

ಬೆಳಗ್ಗೆ ಏಳಕ್ಕೆ ಬೆಂಗಳೂರಿನಲ್ಲಿ ಚಿಕ್ಕಬಳ್ಳಾಪುರದ ಸಣ್ಣ ರೈಲು ಹತ್ತಿದೆ. ದೇವನಹಳ್ಳಿಗೆ ನನ್ನ ಟಿಕೆಟ್ಟು ಎಂಟಾಣೆ. ಜೊತೆಗಿದ್ದ ಮರದ ಪೆಟ್ಟಿಗೆಗೆ ಎಷ್ಟು ಹಾಕಬೇಕೆಂದು ಗುಮಾಸ್ತನಿಗೆ ತಿಳಿಯಲಿಲ್ಲ. "ಸಾಮಾನೋ, ಹೆಣವೋ? ಸರಿಯಾಗಿ ಹೇಳ್ರಿ" ಎಂದ. ಸಾಮಾನು ಎಂದೆ. ಆ ಪೆಟ್ಟಿಗೆಯ ಬಗ್ಗೆ ಆ ದಿನ ನಾನಾಡಿದ ನಿಜ ಅದೊಂದೇ ಇರಬೇಕು.

ಪೆಟ್ಟಿಗೆಯ ಮೇಲಿದ್ದ ಹೆಸರು ಮುನಿರಾಜಣ್ಣನದು. ಬರ್ಮಾ ಯುದ್ಧದಲ್ಲಿ ವಿಮಾನ ಕಾಡಿಗೆ ಬಿದ್ದರೂ ನಡೆದುಕೊಂಡು ವಾಪಸು ಬಂದ ಪೈಲಟ್. ಸ್ವರಾಜ್ಯ ಬಂದ ಮೇಲೆ ಅವನ ಕೈಗೆ ಹೊಸ ಜೆಟ್ ಬಂತು. ಅದರ ಮೆಕ್ಯಾನಿಕ್ ನಾನು. ಮೂರು ವಾರದ ಹಿಂದೆ ಉತ್ತರದಲ್ಲಿ, ನನ್ನ ಕಣ್ಣೆದುರೇ, ಅದು ಅವನ ಸಮೇತ ಹೊಳೆಯ ದಂಡೆಗೆ ಬಿದ್ದು ಉರಿದುಹೋಯಿತು. ಎಷ್ಟು ಅಗೆದರೂ ಬೆರಳಷ್ಟೂ ಸಿಗಲಿಲ್ಲ. ಅವನು ಬೂದಿಯಾಗಿ ಬೆರೆತ ಆ ಮರಳನ್ನೇ ಪೆಟ್ಟಿಗೆಗೆ ತುಂಬಿ ನಾನು ಮೊಳೆ ಹೊಡೆದೆ. ಬರಿಗೈಲಿ ಹೋಗಿ ತಾಯಿಯ ಮುಂದೆ ಹೇಗೆ ನಿಲ್ಲಲಿ?

ನಿಲ್ದಾಣಕ್ಕೆ ಅವನ ತಮ್ಮ ನಂಜಪ್ಪ ಎತ್ತಿನ ಗಾಡಿ ತಂದಿದ್ದ. ಚನ್ನರಾಯಪಟ್ಟಣದ ದಾರಿಯಲ್ಲಿ ಏಳೆಂಟು ಮೈಲಿ. ಚಳಿ ಬಿಟ್ಟು ಬಿಸಿಲೇರಿತ್ತು, ಹೊಲಗಳ ತುಂಬ ಅವರೆಯ ಸೊಗಡು. "ಅಣ್ಣ ನಮ್ಮನೆ ಮೇಲೇ ಒಂದ್ ಸುತ್ತು ಹೊಡೆಯೋನು. ಎತ್ತು ಹಗ್ಗ ಕಿತ್ಕಂಡು ಓಡೋವು" ಎಂದು ನಗಲು ಹೋಗಿ ಅತ್ತುಬಿಟ್ಟ. ನಾನು ಪೆಟ್ಟಿಗೆ ಅಲುಗದಂತೆ ಒತ್ತಿ ಹಿಡಿದು ಕೂತೆ.

ಅಂಗಳದಲ್ಲಿ ತಾಯಿ ಮುನಿಯಮ್ಮ ಹಂಡೆ ನೀರು ಕಾಯಿಸಿ ಕಾದಿದ್ದರು. ಹೂಳುವ ಮುಂಚೆ ಮೈ ತೊಳೆಯುವುದು ಅವರ ಪದ್ಧತಿ. "ಮೊಳೆ ಕೀಳಪ್ಪಾ" ಎಂದರು.

"ನೋಡೋ ಹಾಗಿಲ್ಲ ಅವ್ವಾ."

"ಹಂಗಾದ್ರೆ ಹಿಂಗೇ ಎರೀತೀನಿ."

ಪೆಟ್ಟಿಗೆಗೇ ಸೀಗೆಪುಡಿ ಹಚ್ಚಿ ಚೊಂಬಿನಲ್ಲಿ ನೀರು ಹುಯ್ದರು. ಮಗುವಿನ ಕಣ್ಣಿಗೆ ಹೋಗದಂತೆ ಹಿಡಿಯುವ ಹಾಗೆ ಒಂದು ಕೈ ಅಡ್ಡ ಇಟ್ಟಿದ್ದರು. ನನಗೆ ತಡೆಯಲಾಗಲಿಲ್ಲ, ಮುಖ ತಿರುಗಿಸಿದೆ.

ಮೂರನೇ ಚೊಂಬಿಗೆ ಹಲಗೆಯ ಸಂದಿನಿಂದ ಮರಳು ಇಳಿಯಿತು. ನಂಜಪ್ಪ ಹಾರೆ ತಂದು ಮುಚ್ಚಳ ಕಿತ್ತ.

"ಬರೀ ಮರಳು!" ಮುನಿಯಮ್ಮನ ಮುಖ ಅರಳಿತು. "ನನ್ನ ಮಗ ಇದ್ರಲ್ಲಿ ಇಲ್ಲ ಕಣ್ರೋ!" ಒಳಗೆ ಓಡಿ, ಗೋಡೆಗೊರಗಿ ಕೂತಿದ್ದ ಸೊಸೆ ಲಕ್ಷ್ಮಮ್ಮನ ಬೋಳು ಹಣೆಗೆ ಕುಂಕುಮ ಒತ್ತಿದರು.

"ನಾನು ಕಣ್ಣಾರೆ ಕಂಡೆ ಅವ್ವಾ."

"ಮರಳು ತುಂಬ್ಕಂಡು ಬಂದೋನ ಮಾತು ಯಾರಪ್ಪಾ ನಂಬ್ತಾರೆ? ಬರ್ಮಾದಲ್ಲೂ ಸತ್ತ ಅಂತ ತಂತಿ ಕೊಟ್ಟಿದ್ರಿ. ಬರಲಿಲ್ವಾ ನನ್ನ ಮಗ?"

ಸಾಂತ್ವನಕ್ಕೆಂದು ತಂದ ಪೆಟ್ಟಿಗೆಯಿಂದಲೇ ನಾನು ಆ ಮನೆಯನ್ನು ಹಾಳು ಮಾಡಿದ್ದೆ.

ಸಂಜೆಯ ರೈಲಿಗೆ ಗಾಡಿ ಹತ್ತಿದಾಗ ಲಕ್ಷ್ಮಮ್ಮ ರಾಗಿ ರೊಟ್ಟಿಯ ಗಂಟು ತಂದರು. "ಅತ್ತೆ ಕೊಟ್ರು, ಅವರ ಮಗ ಸಿಕ್ಕಿದ್ರೆ ಕೊಡಬೇಕಂತೆ." ತಲೆ ಎತ್ತದೆ ಕೇಳಿದರು: "ನೀವು ಕಂಡಿದ್ದು ದಿಟಾನಾ?"

"ದಿಟ ಕಣಮ್ಮಾ."

"ಸರಿ. ಅತ್ತೆ ಇರೋ ತನಕ ಇನ್ನೊಂದ್ಸಲ ಹೇಳ್ಬೇಡಿ. ನಾನು ಕುಂಕುಮ ಇಟ್ಕಂಡೇ ಇರ್ತೀನಿ."

ಗಾಡಿ ಹೊರಟಿತು. ತಿರುಗಿ ನೋಡಿದೆ. ಮುನಿಯಮ್ಮ ಪೊರಕೆ ಹಿಡಿದು, ಅಂಗಳದ ಒದ್ದೆ ಮರಳನ್ನೆಲ್ಲ ಬೀದಿಗೆ ಗುಡಿಸಿ ಹಾಕುತ್ತಿದ್ದರು.