ಶನಿವಾರದ ಕೌದಿ

ಹೆಂಡತಿಗೆ ಪಿತ್ತಕೋಶದ ಆಪರೇಷನ್ ಆದಾಗ ಡಿಸೆಂಬರ್ ತಿಂಗಳು. ಅವಳಿಗೆ ನಂಬಿಕೆಯಿದ್ದ ಡಾಕ್ಟರು ಪುಣೆಯ ಹಳೆಯದೊಂದು ಟ್ರಸ್ಟ್ ಆಸ್ಪತ್ರೆಯಲ್ಲಿದ್ದರು. ಅಲ್ಲಿನ ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ. ಹಾಗಾಗಿ ಅವಳ ತಂಗಿ ಒಳಗೆ ಉಳಿದಳು, ನಾನು ಹೊರಗಿನ ವರಾಂಡದಲ್ಲಿ. ಮನೆಯಿಂದ ಲ್ಯಾಪ್‌ಟಾಪ್ ತಂದಿದ್ದೆ, ಚಾರ್ಜರ್ ತಂದಿದ್ದೆ. ಹೊದೆಯಲು ಏನನ್ನೂ ತಂದಿರಲಿಲ್ಲ. ನೆಲದ ಥಂಡಿ ಬೆನ್ನಿಗೆ ಹತ್ತಿ ನಡುಗುತ್ತಿದ್ದಾಗ ಪಕ್ಕದಲ್ಲಿ ಮಲಗಿದ್ದ ಸಾತಾರಾ ಕಡೆಯ ಮನುಷ್ಯ ಒಂದು ಮಾತೂ ಕೇಳದೆ ತನ್ನ ಗೋಧಡಿಯ ಅರ್ಧವನ್ನು ನನ್ನ ಮೇಲೆ ಎಳೆದ. ಗೋಧಡಿ ಅಂದರೆ ನಮ್ಮ ಕೌದಿಯೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು.

ಬೆಳಗಾದ ಮೇಲೆ ವರಾಂಡದ ಉದ್ದಕ್ಕೂ ಕಣ್ಣಾಡಿಸಿದೆ. ಎಷ್ಟೋ ಜನ ಪೇಪರ್ ಹಾಸಿಕೊಂಡು, ಹರಿದ ಫ್ಲೆಕ್ಸ್ ಬ್ಯಾನರ್ ಹೊದ್ದುಕೊಂಡು ಮುದುಡಿ ಮಲಗಿದ್ದರು. ಹೆಂಡತಿ ಹುಷಾರಾಗಿ ಮನೆಗೆ ಬಂದಳು. ಆ ಸಾಲು ಮಾತ್ರ ನನ್ನ ಕಣ್ಣಿಂದ ಹೋಗಲಿಲ್ಲ.

ಆಗ ನನ್ನ ಶನಿವಾರಗಳು ಹೇಗೆ ಹೋಗುತ್ತಿದ್ದವು ಅಂದರೆ, ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಐದು ದಿನ ಮಗರಪಟ್ಟಾದ ಆಫೀಸಿನಲ್ಲಿ ದುಡಿದು, ಆರನೆಯ ದಿನ ಫೋನ್ ಹಿಡಿದು ಹಾಸಿಗೆಯಲ್ಲಿ ಹೊರಳಾಡುವುದು. ಮಧ್ಯಾಹ್ನ ಯಾರೋ ಲೋಣಾವಳಾಕ್ಕೆ ಹೋಗೋಣ ಎನ್ನುವರು. ಹೈವೇಯಲ್ಲಿ ಟ್ರಾಫಿಕ್ ನೋಡಿ ವಾಪಸ್ ಬರುವುದು. ಆಯಾಸ ಹೋಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ಒಂದು ಶನಿವಾರ ಬೆಳಗ್ಗೆ, ಇವತ್ತು ಬೇರೆ ಏನಾದರೂ ಮಾಡಲೇಬೇಕು ಅಂತ ಗಟ್ಟಿಮನಸ್ಸು ಮಾಡಿ, ಅಟ್ಟದ ಮೇಲಿದ್ದ ಹಳೆಯ ಬೆಡ್‌ಶೀಟುಗಳ ಗಂಟನ್ನು ಇಳಿಸಿದೆ.

"ಏನ್ ಮಾಡ್ತೀರಾ ಇದನ್ನೆಲ್ಲ?" ಎಂದಳು ಹೆಂಡತಿ.

"ಕೌದಿ ಹೊಲೀತೀನಿ. ಆಸ್ಪತ್ರೇಲಿ ಮಲಗೋರಿಗೆ ಕೊಡೋಕೆ."

"ಶರ್ಟಿಗೆ ಒಂದು ಬಟನ್ ಹಾಕ್ಕೊಳ್ಳೋಕೆ ಬರಲ್ಲ ನಿಮಗೆ."

"ಕಲೀತೀನಿ."

ಅವಳು ಒಳಗೆ ಹೋಗಿ ತನ್ನ ಎರಡು ಹಳೆಯ ಕಾಟನ್ ಸೀರೆಗಳನ್ನು ತಂದು ಆ ಗಂಟಿನ ಮೇಲಿಟ್ಟಳು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ವಿಜಯಪುರ ಕಡೆಯ ಒಬ್ಬರು ಹಿರಿಯ ಹೆಂಗಸು ಇದ್ದಾರೆ. ಯಜಮಾನರದು ಬಟ್ಟೆ ಅಂಗಡಿ. ಅವರ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ಕೌದಿಗಳನ್ನು ಎಷ್ಟೋ ಸಲ ನೋಡಿದ್ದೆ. ಆ ಶನಿವಾರ ಚಹಾ ಕುಡಿದು, ಗಂಟು ಹೊತ್ತು ಅವರ ಬಾಗಿಲು ತಟ್ಟಿದೆ. ಬಂದ ಕಾರಣ ಹೇಳಿದೆ.

"ಗಂಡಸರು ಇದಕ್ಕ ಕೂಡ್ರಾಂಗಿಲ್ಲರಿ," ಎಂದರು. "ನಡಾ ನೋಯ್ತದ ಅಂತಾರ."

"ನಾನು ವಾರವೆಲ್ಲ ಕೂತೇ ಇರ್ತೀನಕ್ಕ. ಇನ್ನೊಂದು ದಿನ ಕೂತ್ರೆ ಏನೂ ಆಗಲ್ಲ."

ಅವರು ನಕ್ಕು ಚಾಪೆ ಹಾಸಿದರು.

ಮೊದಲು ಅವರ ಕೈಯನ್ನು ನೋಡುತ್ತ ಕುಳಿತೆ. ಕೆಳಗೆ ಸೀರೆ, ನಡುವೆ ಬೆಡ್‌ಶೀಟು, ಹಳೆಯ ಲುಂಗಿಗಳು, ಮೇಲೆ ಅಂಗಡಿಯಲ್ಲಿ ಉಳಿದ ಬಣ್ಣದ ತುಂಡುಗಳು. ಎಲ್ಲವನ್ನೂ ಸುಕ್ಕಿಲ್ಲದಂತೆ ಹರಡಿ, ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ಒಳಗೆ ಬರಬೇಕು. ನೋಡಲು ಸುಲಭ. ಸೂಜಿ ನನ್ನ ಕೈಗೆ ಬಂದಾಗ ಆ ದಪ್ಪದಲ್ಲಿ ಇಳಿಯಲೇ ಇಲ್ಲ. ಇಳಿದದ್ದು ಬೆರಳಿಗೆ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಒಂದು ಮೊಳ ಹೊಲಿದಿದ್ದೆ. ಅದೂ ಸೊಟ್ಟಗೆ. ಆದರೂ ಮೆಟ್ಟಿಲು ಹತ್ತುವಾಗ ಮೈ ಹಗುರಾಗಿತ್ತು. ಅಷ್ಟು ಹೊತ್ತು ಫೋನ್ ಮುಟ್ಟಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಒಂದು ತಿಂಗಳಾಗುವಷ್ಟರಲ್ಲಿ ಆಫೀಸಿನವರು ಶನಿವಾರ ಬೆಳಗ್ಗೆಗೆ ಒಂದು ಮೀಟಿಂಗ್ ಇಟ್ಟರು. ತುರ್ತೇನೂ ಇರಲಿಲ್ಲ, ಎಲ್ಲರೂ ಬಿಡುವಾಗಿರುತ್ತಾರೆ ಅಂತ ಅಷ್ಟೇ. ನಾನು ಮ್ಯಾನೇಜರಿಗೆ ಫೋನ್ ಮಾಡಿ, ಆ ಹೊತ್ತಿಗೆ ಆಗುವುದಿಲ್ಲ, ಬೇರೆ ಕೆಲಸ ಇದೆ ಎಂದೆ. ಏನು ಕೆಲಸ ಎಂದು ಕೇಳಿದರು. ಕೌದಿ ಹೊಲಿಯುವುದು ಎಂದೆ. ತಮಾಷೆ ಎಂದುಕೊಂಡರೋ ಏನೋ. ಮೀಟಿಂಗ್ ಸೋಮವಾರಕ್ಕೆ ಹೋಯಿತು. ಕೇಳಿದರೆ ಸಿಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮಳೆಗಾಲದಲ್ಲಿ ಕೆಳಮನೆಯ ಅಕ್ಕ ಪಾರ್ಕಿಂಗಿನ ಪಾಚಿಯಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ನಮ್ಮ ಕೌದಿ ಇನ್ನೂ ಅರ್ಧದಲ್ಲಿತ್ತು. ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದವರನ್ನು ನೋಡಲು ಹೋದಾಗ, "ನಿಲ್ಲಿಸಿಬಿಡೋಣೇನ್ರಿ ಇನ್ನ?" ಎಂದರು. ಅವರ ದನಿ ಸಣ್ಣದಾಗಿತ್ತು.

"ಇಲ್ಲ ಅಕ್ಕ. ನೀವು ಹೇಳ್ತಾ ಹೋಗಿ, ನಾನು ಹೊಲೀತೀನಿ."

ಹಾಗೆಯೇ ಮಾಡಿದೆವು. ಅವರು ಕುರ್ಚಿಯಲ್ಲಿ, ನಾನು ಚಾಪೆಯಲ್ಲಿ. ಕೈಗೆ ಕೆಲಸವಿಲ್ಲದ್ದರಿಂದ ಅವರ ಕಣ್ಣು ಇನ್ನಷ್ಟು ಚುರುಕಾಯಿತು. ಒಂದು ದಿನ ನಾನು ಒಂದಿಡೀ ಬದಿ ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ಅವರು ಎಡಗೈಯಿಂದ ಎತ್ತಿ ಜಗ್ಗಿ ನೋಡಿದರು. "ಹೊಲಿಗಿ ಭಾಳ ಸಡ್ಲ ಆಗ್ಯಾವ ತಮ್ಮಾ. ಎರಡು ಸಲ ಒಗದ್ರ ಬಿಚ್ಚಿಕೊಳ್ತಾವ."

ಅಲ್ಲಿಯವರೆಗೆ ಅವರು ನನ್ನ ಜೊತೆ ಬಹುವಚನದಲ್ಲೇ ಮಾತಾಡುತ್ತಿದ್ದರು. ಅವತ್ತು ಮೊದಲ ಬಾರಿ ತಮ್ಮಾ ಎಂದದ್ದು. ಬೇಸರವಾಯಿತು, ಸಂತೋಷವೂ ಆಯಿತು. ಕತ್ತರಿ ತೆಗೆದುಕೊಂಡು ಆ ಬದಿಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ.

ಚಳಿ ಶುರುವಾಗುವ ಹೊತ್ತಿಗೆ ಕೌದಿ ಮುಗಿಯಿತು. ಅಕ್ಕನ ಪ್ಲಾಸ್ಟರ್ ಅಷ್ಟರೊಳಗೆ ಬಿಚ್ಚಿದ್ದರೂ ಬೆರಳುಗಳಿಗೆ ಇನ್ನೂ ಹಿಡಿತ ಬಂದಿರಲಿಲ್ಲ. ಒಂದು ಭಾನುವಾರ ಸಂಜೆ ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಅದೇ ಆಸ್ಪತ್ರೆಗೆ ಹೋದೆ. ಕೊಡುವುದು ಇಷ್ಟು ಕಷ್ಟ ಎಂದು ಎಣಿಸಿರಲಿಲ್ಲ. ಬೇಕಾ ಎಂದು ನಾನು ಮೊದಲು ಕೇಳಿದ ಯುವಕ "ಕೇವಢ್ಯಾಲಾ?" ಎಂದ. ಎಷ್ಟಕ್ಕೆ ಅಂತ. ಮಾರಲು ಬಂದವನೆಂದುಕೊಂಡಿದ್ದ. ದುಡ್ಡು ಬೇಡ ಎಂದ ಕೂಡಲೇ ಅವನ ಮುಖ ಬಿಗಿಯಿತು. "ನಕೋ," ಬೇಡ ಎಂದು ಆ ಕಡೆ ತಿರುಗಿಕೊಂಡ. ಅವನದು ತಪ್ಪಲ್ಲ. ನಾನು ಕೇಳಿದ ರೀತಿಯಲ್ಲೇ ಏನೋ ಕೊರತೆಯಿತ್ತು.

ಹಾಗಂತ ವಾಪಸ್ ಬರಲು ಮನಸ್ಸಾಗಲಿಲ್ಲ. ಕಂಬದ ಬಳಿ ಒಬ್ಬ ಅಜ್ಜಿ ಸ್ಟೀಲ್ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದಳು. ನಾನು ಕೊಡುತ್ತೇನೆ ಅನ್ನಲಿಲ್ಲ. ಪಕ್ಕದಲ್ಲಿ ಕುಳಿತು, ಕಳೆದ ವರ್ಷ ಇದೇ ನೆಲದ ಮೇಲೆ ಮಲಗಿದ್ದನ್ನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅವಳ ಸೊಸೆಗೆ ಹೆರಿಗೆಯಾಗಿ ತೊಂದರೆಯಾಗಿತ್ತಂತೆ. ಮಾತಾಡುತ್ತಲೇ ಅವಳು ನನ್ನ ತೊಡೆಯ ಮೇಲಿದ್ದ ಕೌದಿಯ ಅಂಚನ್ನು ಬೆರಳಲ್ಲಿ ಸವರಿದಳು.

"ಕುಣೀ ಶಿವಲೀ?" ಯಾರು ಹೊಲಿದದ್ದು ಎಂದಳು.

"ಮೀಚ," ನಾನೇ ಎಂದೆ.

ಅವಳು ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಸೂಜಿಯ ಗುರುತುಗಳನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. ನಾನು ಏಳುವಾಗ ಮರಾಠಿಯಲ್ಲೇ ಒಂದು ಮಾತು ಹೇಳಿದಳು: ಚೆನ್ನಾಗಿದೆ ಮಗಾ, ಆದರೆ ಭಾರ. ಬಸ್ಸಿನಲ್ಲಿ ಊರಿಗೆ ಒಯ್ಯುವುದು ಕಷ್ಟ. ಸಣ್ಣದು ಹೊಲಿ, ಚೀಲದಲ್ಲಿ ಹಿಡಿಸುವಂಥದ್ದು.

ಮುಂದಿನ ಶನಿವಾರ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಖರೇ ಅದ. ನಾವು ಮನ್ಯಾಗಿನ ಮಂಚಕ್ಕ ಹೊಲದಂಗ ಹೊಲದೀವಿ," ಎಂದರು. ತೆಳು ಕಾಟನ್ ಸೀರೆಗಳನ್ನು ಒಂದು ಕಡೆ, ದಪ್ಪ ಬೆಡ್‌ಶೀಟುಗಳನ್ನು ಇನ್ನೊಂದು ಕಡೆ ವಿಂಗಡಿಸಲು ಹೇಳಿದರು. ಅಷ್ಟರಲ್ಲಿ ನನ್ನ ಹೆಂಡತಿಯೂ ಕೆಳಗಿಳಿದು ಬಂದು ಚಾಪೆಯ ಆ ತುದಿಯಲ್ಲಿ ಕುಳಿತಳು. ಒಬ್ಬ ಮನುಷ್ಯ ಮಲಗಿದರೆ ಎಷ್ಟು ಬೇಕು ಎಂದು ನೋಡಲು ನಾನು ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಅವಳು ನನ್ನ ಕಾಲಿನ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದಳು.