ಚಾಬ್‌ದಾರನ ಓಟ ತಗ್ಗಿಸಿದ ಬಾತ್ಮಾ

ಬಾತ್ಮಾಳಿಗೆ ಕೋಪ ಬಂದರೆ ಮಾತು ಕಡಿಮೆಯಾಗುತ್ತಿತ್ತು. ಆ ವರ್ಷ ಹುಲ್ಲು ಕೊಯ್ಲು ಮುಗಿದಾಗಿನಿಂದ ಮೊದಲ ಹಿಮ ಬೀಳುವವರೆಗೆ ಅವಳು ಮೈದುನ ಎಸೆನ್‌ನ ಜೊತೆ ಹತ್ತು ಮಾತು ಆಡಿದ್ದರೆ ಹೆಚ್ಚು.

ತಾಯಿ ಸತ್ತ ಕುದುರೆಮರಿಗೆ ಹಸುವಿನ ಹಾಲು ಕುಡಿಸಿ ಸಾಕಿದವಳು ಅವಳು. ಕೆಂಪು ಮೈ, ಬಿಳಿ ಜೂಲು. ಅಂಥ ಬಣ್ಣದ ಕುದುರೆಯನ್ನು ನಮ್ಮ ನಾರಿನ್ ಕಣಿವೆಯ ಕಡೆ ಚಾಬ್‌ದಾರ್ ಎನ್ನುತ್ತಾರೆ; ಅದೇ ಅದರ ಹೆಸರಾಯಿತು. ಮೊಣಕಾಲು ಕೆಟ್ಟ ಮೇಲೆ ಊರ ಕುರಿಗಳ ಹಿಂದೆ ಅವಳು ತಿರುಗುತ್ತಿದ್ದದ್ದು ಅದರ ಕಾಲುಗಳನ್ನು ನಂಬಿಯೇ. ಅಂಥ ಕುದುರೆಯನ್ನು ಎಸೆನ್ ಕೋಕ್‌ಬೋರು ಆಟಕ್ಕೆ ಕೇಳಿದ. ತಲೆ ಕಡಿದ ಮೇಕೆಯ ಒಡಲಿಗಾಗಿ ಕುದುರೆ ಮೇಲೆ ಕೂತು ಕಿತ್ತಾಡುವ ಆಟ ಅದು. ಗಂಡ ಇವಳನ್ನು ಕೇಳದೆ ಹೂಂ ಅಂದುಬಿಟ್ಟ. ಒಂದು ಚಳಿಗಾಲಕ್ಕೆಂದು ಹೋದದ್ದು ಮೂರು ವರ್ಷ ಬರಲಿಲ್ಲ.

ಈ ವರ್ಷದ ಹುಲ್ಲು ಕೊಯ್ಲಿನ ಹೊತ್ತಿಗೆ ಬಂದಾಗ ಬಾಯಿಯ ಅಂಚು ಕಡಿವಾಣ ಎಳೆದೆಳೆದು ಗಟ್ಟಿಯಾಗಿತ್ತು. ಪಕ್ಕೆಯ ಮೇಲೆ ಚಾವಟಿಯ ಗೆರೆಗಳು. ಮೆಲ್ಲಗೆ ಓಡಿಸಹೊರಟರೆ ನಾಲ್ಕನೇ ನೆಗೆತಕ್ಕೆ ಹುಚ್ಚು ಹಿಡಿದಂತೆ ಕಿತ್ತುಕೊಂಡು ಹೋಗುತ್ತಿತ್ತು. ಅದರಿಂದ ಬಿದ್ದ ಕುರುಬನೊಬ್ಬನ ಭುಜದ ಎಲುಬು ಮುರಿಯಿತು.

ಚಳಿ ಬಲಿತಾಗ ಅಣ್ಣತಮ್ಮಂದಿರ ನಾಲ್ಕು ಮನೆಗಳು ಸೇರಿ ಒಂದು ಕುದುರೆ ಕೊಯ್ದು ಮಾಂಸ ಹಂಚಿಕೊಳ್ಳುವುದು ರೂಢಿ. ಈ ಸಲ ಚಾಬ್‌ದಾರನೇ ಆಗಲಿ ಎಂದ ಎಸೆನ್. "ಕೊಬ್ಬಿದೆ, ಬುದ್ಧಿಯಿಲ್ಲ. ಸಾರಿಗೆ ಬುದ್ಧಿ ಯಾಕೆ ಬೇಕು ಅತ್ತಿಗೆ?"

"ಬುದ್ಧಿ ಇಲ್ಲದ್ದು ಯಾರಿಗೆ ಅಂತ ಕುದುರೆನೇ ಕೇಳು," ಎಂದಳು ಬಾತ್ಮಾ.

ಹಿರಿಯ ಭಾವ ಕಾಲಿಲ್ ನಲವತ್ತು ದಿನ ಕೊಟ್ಟ. ಅಷ್ಟರಲ್ಲಿ ಬಾತ್ಮಾ ಅಲ್ಲದ ಬೇರೊಬ್ಬರು ಹತ್ತಿ ಅದನ್ನು ಹೊಲದ ಸುತ್ತ ನಿಧಾನವಾಗಿ ಓಡಿಸಿ ನಿಲ್ಲಿಸಿದರೆ ಕುದುರೆ ಉಳಿಯಿತು. ಇಲ್ಲವಾದರೆ ಕತ್ತಿ.

ಮೊದಲ ಹತ್ತು ದಿನ ಅವಳು ಅದನ್ನು ಓಡಿಸಲೇ ಇಲ್ಲ. ನಡೆ, ತಿರುಗು, ನಿಲ್ಲು, ಅಷ್ಟೇ. ಆಮೇಲೆ ದಿಬ್ಬದ ಏರಿನಲ್ಲಿ ಮೂರು ನೆಗೆತದ ಓಟ. ಮೈ ಕಾಯುವ ಮೊದಲೇ ಮತ್ತೆ ನಡಿಗೆ. ವೇಗ ಹೆಚ್ಚಿದರೆ ಸುತ್ತನ್ನು ಕಿರಿದು ಮಾಡುತ್ತಿದ್ದಳು, ತಗ್ಗಿದರೆ ಅಗಲಿಸುತ್ತಿದ್ದಳು. ಲಗಾಮನ್ನು ಜಗ್ಗಿ ಹಿಡಿಯುತ್ತಿರಲಿಲ್ಲ. ಒಂದು ಗಳಿಗೆ ಹಿಡಿದು ಬಿಡುತ್ತಿದ್ದಳು. ಜಗ್ಗಿ ಹಿಡಿದರೆ ಕುದುರೆಗೆ ಒರಗಲು ಗೋಡೆ ಕೊಟ್ಟಂತೆ, ಒರಗಿಕೊಂಡೇ ಓಡುತ್ತದೆ ಎಂದು ಪಕ್ಕದ ಮನೆಯ ನನಗೆ ಹೇಳಿದ್ದಳು. ಗಂಡನೊಡನೆ ಜಗಳವಾದ ದಿನ ಹತ್ತುತ್ತಿರಲಿಲ್ಲ. ಕುದುರೆಯನ್ನು ಕಟ್ಟಿ, ತೋಳು ಸೋಲುವವರೆಗೆ ಸೌದೆ ಸೀಳುತ್ತಿದ್ದಳು. ಮೂವತ್ತೈದನೇ ದಿನದ ಹೊತ್ತಿಗೆ ಚಾಬ್‌ದಾರ್ ಕತ್ತು ತಗ್ಗಿಸಿ, ಮೂಗಿನಲ್ಲಿ ಬುಸುಬುಸು ಅನ್ನುತ್ತಾ ತೊಟ್ಟಿಲು ತೂಗಿದ ಹಾಗೆ ಓಡುತ್ತಿತ್ತು.

ನಲವತ್ತನೇ ದಿನ ಎಸೆನ್‌ನ ಮನೆಯ ಹಿಂದಿನ ಹೊಲದಲ್ಲಿ ಎಲ್ಲರೂ ಸೇರಿದರು. ಹತ್ತಿದವನು ಎಸೆನ್‌ನೇ. ಅರ್ಧ ಸುತ್ತು ಚೆನ್ನಾಗಿಯೇ ಹೋಯಿತು. ನಾಯಿ ಬೊಗಳಿದಾಗ ಕುದುರೆ ಕೊಂಚ ಚುರುಕಾಯಿತು, ಅಷ್ಟೇ. ಅದನ್ನು ತಡೆಯಲು ಹೋದನೋ ಇಲ್ಲವೋ, ಬಾಣ ಬಿಟ್ಟ ಹಾಗೆ ಹಾರಿತು. ಕಾಲುವೆ ದಾಟಿ, ಅದು ನಿಂತದ್ದು ಪಾಪ್ಲರ್ ಮರಗಳ ಸಾಲಿನಲ್ಲಿ.

ಕಾಲಿಲ್ ಕತ್ತಿ ತರಿಸಿದ.

"ಇನ್ನೊಂದು ಸುತ್ತು," ಎಂದಳು ಬಾತ್ಮಾ. ಕುಂಟುತ್ತಾ ಹೊಲದ ನಡುವೆ ಹೋಗಿ ನಿಂತಳು.

ಈ ಸಲ ಅವಳು ನೋಡಿದ್ದು ಕುದುರೆಯನ್ನಲ್ಲ, ಮೈದುನನನ್ನು. ಓಟ ಹೆಚ್ಚಿತು ಅನ್ನಿಸಿದೊಡನೆ ಅವನು ಚಾವಟಿಯನ್ನು ಹಲ್ಲಿನಲ್ಲಿ ಕಚ್ಚಿ, ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಲಗಾಮು ಹಿಡಿದ. ನಮ್ಮ ಕಣಿವೆಯ ಗಂಡಸರೆಲ್ಲ ಮಾಡುವುದು ಹಾಗೆಯೇ. ಕೈ ತಾನಾಗಿ ಮಾಡುತ್ತದೆ. ಆದರೆ ಆಟದಲ್ಲಿ ನೆಲದ ಮೇಕೆಗೆ ಕೈಹಾಕುವಾಗಲೂ ಚಾವಟಿ ಹಲ್ಲಿಗೇ ಹೋಗುತ್ತದೆ, ಮೈ ಬಾಗುತ್ತದೆ, ಮರುಗಳಿಗೆ ಕುದುರೆ ಪ್ರಾಣದ ಹಂಗು ತೊರೆದು ಓಡಬೇಕು. ಮೂರು ವರ್ಷ ಚಾಬ್‌ದಾರ್ ಕಲಿತದ್ದು ಅದನ್ನೇ. ಬಾತ್ಮಾ ಚಾವಟಿ ಹಿಡಿದವಳೇ ಅಲ್ಲ, ಹಾಗಾಗಿ ಅವಳಿಗೂ ಹೊಳೆದಿರಲಿಲ್ಲ.

ಮತ್ತೆ ಕಿತ್ತುಕೊಂಡು ಹೋದ ಅದು ಮರಗಳ ಹತ್ತಿರ ನಿಂತಾಗ ಅವಳು ಹೋಗಿ ಎಸೆನ್‌ನ ಬಾಯಿಂದ ಚಾವಟಿಯನ್ನು ಕಿತ್ತಳು. ತುಟಿ ಹರಿದು ರಕ್ತ ಬಂತು.

"ಓಡು ಅಂತ ನೀನೇ ಹೇಳ್ತೀಯ, ಓಡಿದ್ರೆ ಕೊಯ್ತೀಯ. ಒಂದು ಕೈಲಿ ಲಗಾಮು ಹಿಡಿ. ಇನ್ನೊಂದು ತೊಡೆ ಮೇಲಿಡು. ನೆಟ್ಟಗೆ ಕೂತು ಉಸಿರು ಬಿಡು."

ಎಸೆನ್ ತುಟಿ ಒರೆಸಿಕೊಂಡ, ಹೇಳಿದಂತೆ ಕೂತ. ಚಾಬ್‌ದಾರ್ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ನಾಯಿ ಬೊಗಳಿದರೂ ಓಟ ಹೆಚ್ಚಿಸಲಿಲ್ಲ. ಅವನು ಹಿಂದಕ್ಕೆ ಒರಗಿದಾಗ ನಡಿಗೆಗೆ ಇಳಿದು, ನಿಂತಿತು.

ಕೊಯ್ಯಲು ಬೇರೆ ಕುದುರೆ ನೋಡಿ ಎಂದ ಕಾಲಿಲ್.

ಎಸೆನ್ ಇಳಿದು ಹಲ್ಲು ಕಿರಿದ. "ಅತ್ತಿಗೆ, ವಸಂತದಲ್ಲಿ ಒಂದೇ ಒಂದು ಆಟಕ್ಕೆ..."

ಬಾತ್ಮಾ ಅವನ ಕೈಯಿಂದ ಲಗಾಮು ತೆಗೆದುಕೊಂಡಳು. ಅಷ್ಟರಲ್ಲಿ ಅವನ ಹೆಂಡತಿ ಬಿಸಿ ರೊಟ್ಟಿ ತಂದು ಎಲ್ಲರ ಮುಂದೆ ಹಿಡಿದಳು. ಬಂದ ಮನೆಯ ರೊಟ್ಟಿ ಒಂದು ಚೂರಾದರೂ ಮುರಿಯದೆ ನಮ್ಮಲ್ಲಿ ಶತ್ರುವೂ ಹೊರಡುವುದಿಲ್ಲ. ಎಲ್ಲರೂ ಮುರಿದರು. ಬಾತ್ಮಾ ಹೊಲದಂಚಿನ ಮೋಟು ಗೋಡೆ ಹತ್ತಿ, ಅಲ್ಲಿಂದ ಜೀನಿಗೆ ಕಾಲು ಹಾಕಿ, ಆ ರೊಟ್ಟಿಯ ಮುಂದೆಯೇ ಕುದುರೆಯನ್ನು ನಡೆಸಿಕೊಂಡು ಹೊರಟಳು. ಕೈ ಚಾಚಲಿಲ್ಲ. ಹಿಂದಿನಿಂದ ಗಂಡ ಕರೆದ, ತಿರುಗಲಿಲ್ಲ.